ಅಡಿಕೆ ಡ್ರೈಯರ್ ಕೊಳವೆಯಲ್ಲಿ ಡಾಂಬರು: ಉರಿಯುವುದು ಸೌದೆಯಾ, ಸೌದೆಯ ಗ್ಯಾಸಾ?

ಬದಿಯಡ್ಕದ ತೋಟದವ

ಎಲ್ಲರಿಗೂ ನಮಸ್ಕಾರ. ಮಳೆ ಬಿಡುವ ಮೊದಲೇ ಬೀಳುವ ಹಣ್ಣಡಿಕೆಗೆ ಅಂತ ಮನೆ ಹಿಂದೆ ಡ್ರೈಯರ್ ಕಟ್ಟಿಸಿದ್ದೇವೆ. ಕೆಳಗೆ ಒಲೆ. ಅಲ್ಲಿಂದ ಕಬ್ಬಿಣದ ಕೊಳವೆ ಗೂಡಿನೊಳಗೆ ಸುತ್ತು ಹಾಕಿ ಹೊರಗೆ ಹೋಗುತ್ತದೆ. ಮೇಲೆ ಅಡಿಕೆ ಹರಡುವ ಜಾಲರಿ. ಹೊಗೆ ಅಡಿಕೆಗೆ ತಾಗಬಾರದು ಅಂತಲೇ ಈ ವ್ಯವಸ್ಥೆ.

ರಾತ್ರಿ ಮಲಗುವ ಮೊದಲು ಒಲೆ ತುಂಬ ಸೌದೆ, ತೆಂಗಿನ ಸಿಪ್ಪೆ ತುರುಕಿ ಗಾಳಿ ಬರುವ ಬಾಗಿಲು ಮುಚ್ಚಿಬಿಡುತ್ತೇವೆ. ಬೆಳಗ್ಗಿನವರೆಗೆ ಬೆಂಕಿ ಇರುತ್ತದೆ. ಆದರೆ ಗೂಡು ಸರಿಯಾಗಿ ಬಿಸಿ ಆಗುವುದೇ ಇಲ್ಲ. ಕೊಳವೆ ಒಂದಕ್ಕೊಂದು ಸೇರುವ ಕಡೆ ಕಪ್ಪು ಅಂಟು ಒಸರುತ್ತದೆ. ಅದರ ವಾಸನೆ ಅಡಿಕೆಗೂ ಹಿಡಿಯುತ್ತಿದೆ. ಚಾಲಿಗೆ (ಒಣಗಿಸಿ ಸಿಪ್ಪೆ ಸುಲಿದ ಅಡಿಕೆಗೆ) ಇಂಥ ವಾಸನೆ ಇದ್ದರೆ ಮಂಡಿಯಲ್ಲಿ ರೇಟ್ ಕೇಳುವುದೇ ಬೇಡ.

ಇನ್ನೊಂದು ಸಂಶಯ. ಗೆರಟೆ (ತೆಂಗಿನ ಚಿಪ್ಪು) ಹಾಕಿದರೆ ಭಗ್ಗೆಂದು ಉದ್ದ ಉರಿ ಬರುತ್ತದೆ. ಸಿಪ್ಪೆ ಹಾಕಿದರೆ ಬರೇ ಹೊಗೆ. ಇದ್ದಿಲು ಹಾಕಿದರೆ ಉರಿಯೂ ಇಲ್ಲ, ಹೊಗೆಯೂ ಇಲ್ಲ, ಬಿಸಿ ಮಾತ್ರ ಬೇಕಾದಷ್ಟು. ಎಲ್ಲವೂ ಮರದಿಂದಲೇ ಬಂದದ್ದು. ಇಷ್ಟು ವ್ಯತ್ಯಾಸ ಯಾಕೆ?

ಸೀತಾಂಗೋಳಿ

ಸೌದೆ ಒಣಗಿಲ್ಲ ಅಣ್ಣ, ಅಷ್ಟೇ. ಹೊಗೆ ಅಂದರೆ ಅರ್ಧಕ್ಕರ್ಧ ನೀರಿನ ಆವಿ. ಒಂದು ವರ್ಷ ಕೊಟ್ಟಿಗೆಯಲ್ಲಿಟ್ಟ ಸೌದೆ ಹಾಕಿ ನೋಡಿ.

ಉಪ್ಪಳ (ಬಾಯ್ಲರ್ ಕೆಲಸದಲ್ಲಿದ್ದವ)

ಸೀತಾಂಗೋಳಿಯವರು ಹೇಳಿದ್ದರಲ್ಲಿ ಸತ್ಯ ಇದೆ. ಆದರೆ ಆ ಅಂಟಿನ ಕಾರಣ ಬೇರೆ. ನನ್ನ ಕೆಲಸದ ಬದುಕೆಲ್ಲ ಕಲ್ಲಿದ್ದಲು ಮತ್ತು ಸೌದೆಯ ಬಾಯ್ಲರ್ ಹತ್ತಿರವೇ ಕಳೆದದ್ದು, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಸೌದೆ ನೇರವಾಗಿ ಉರಿಯುವುದಿಲ್ಲ. ಬಿಸಿ ತಾಗಿದಾಗ ಮೊದಲು 100 ಡಿಗ್ರಿ ಹತ್ತಿರ ಅದರ ನೀರು ಹೋಗುತ್ತದೆ. 200 ಡಿಗ್ರಿ ದಾಟಿದ ಮೇಲೆ ಮರವೇ ಒಡೆಯಲು ಶುರು. 250ರಿಂದ 400 ಡಿಗ್ರಿ ಒಳಗೆ ಅದರ ಹೆಚ್ಚಿನ ಭಾಗ ಗ್ಯಾಸ್ ಮತ್ತು ಆವಿ ಆಗಿ ಹೊರಗೆ ಬರುತ್ತದೆ. ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್, ಮೀಥೇನ್, ಅಸಿಟಿಕ್ ಆಮ್ಲ, ಮೆಥನಾಲ್, ಮತ್ತೆ ಟಾರಿನ, ಅಂದರೆ ನೀವು ಹೇಳುವ ಆ ಕಪ್ಪು ಅಂಟಿನ ಆವಿ, ಎಲ್ಲ ಅದರಲ್ಲಿ ಇರುತ್ತದೆ. ಇದಕ್ಕೆ ಬಾಷ್ಪಶೀಲ ಅಂಶ ಅಂತ ಹೆಸರು. ನಾವು ಬಾಯ್ಲರ್ ಮನೆಯಲ್ಲಿ ವೊಲಟೈಲ್ ಅಂತಲೇ ಹೇಳುತ್ತಿದ್ದೆವು.

ನೀವು ನೋಡುವ ಉರಿ ಇದೆಯಲ್ಲ, ಅದು ಪೂರ್ತಿ ಈ ಗ್ಯಾಸಿನದ್ದು. ಕೊಳ್ಳಿಯನ್ನು ಹತ್ತಿರದಿಂದ ನೋಡಿ. ಉರಿ ಮರಕ್ಕೆ ಅಂಟಿಕೊಂಡಿರುವುದಿಲ್ಲ. ಮರಕ್ಕೂ ಉರಿಗೂ ನಡುವೆ ಸಣ್ಣ ಜಾಗ ಕಾಣುತ್ತದೆ, ಅಲ್ಲಿ ಗ್ಯಾಸ್ ಇನ್ನೂ ಗಾಳಿಗೆ ಸೇರಿಲ್ಲ. ಗ್ಯಾಸೆಲ್ಲ ಹೋದ ಮೇಲೆ ಉಳಿಯುವುದು ಕರಿ, ಅಂದರೆ ಇದ್ದಿಲು. ಅದು ಮೇಲ್ಮೈಯಿಂದ ನಿಧಾನಕ್ಕೆ ಸುಡುತ್ತದೆ. ಅದೇ ಕೆಂಡ.

ಈಗ ಲೆಕ್ಕ. ಚೆನ್ನಾಗಿ ಒಣಗಿದ ಸೌದೆಯ ತೂಕದಲ್ಲಿ 75ರಿಂದ 85 ಶೇಕಡಾ ಬಾಷ್ಪಶೀಲ ಅಂಶವೇ. ಗೆರಟೆಯಲ್ಲೂ ಹೆಚ್ಚುಕಡಿಮೆ ಮುಕ್ಕಾಲು ಭಾಗ ಅದೇ. ಚೆನ್ನಾಗಿ ಸುಟ್ಟು ಮಾಡಿದ ಇದ್ದಿಲಿನಲ್ಲಿ ಅದು ಬಹಳ ಕಡಿಮೆ, ಯಾಕೆಂದರೆ ಇದ್ದಿಲು ಮಾಡುವಾಗಲೇ ಹೊರಗೆ ಹೋಗಿರುತ್ತದೆ. ಅದಕ್ಕೇ ಇದ್ದಿಲಿಗೆ ಉರಿ ಇಲ್ಲ. ಗೆರಟೆ ಗಟ್ಟಿ, ಒಣ, ಹೋಳು ಹೋಳಾಗಿ ನಿಲ್ಲುವುದರಿಂದ ನಡುವೆ ಗಾಳಿ ಆಡುತ್ತದೆ. ಅದರ ಗ್ಯಾಸ್ ಹೊತ್ತಿಕೊಳ್ಳುತ್ತದೆ. ಸಿಪ್ಪೆ ನೀರು ಹೀರಿ ಇಟ್ಟುಕೊಳ್ಳುತ್ತದೆ. ತುರುಕಿದರೆ ಒತ್ತಾಗಿ ಕೂರುತ್ತದೆ. ಗ್ಯಾಸ್ ಬರುತ್ತದೆ, ಹೊತ್ತಲು ಬೇಕಾದ ಬಿಸಿಯೂ ಇಲ್ಲ, ಗಾಳಿಯೂ ಇಲ್ಲ. ಆ ಹೊತ್ತದ ಗ್ಯಾಸನ್ನೇ ನೀವು ಹೊಗೆ ಅಂತ ನೋಡುತ್ತಿದ್ದೀರಿ. ಅದು ತಣ್ಣಗಿನ ಕೊಳವೆಗೆ ತಾಗಿದಾಗ ಟಾರಿನ ಆವಿ ಮತ್ತೆ ದ್ರವ ಆಗಿ ಒಸರುತ್ತದೆ. ನೀವು ದುಡ್ಡು ಕೊಟ್ಟು ತಂದ ಸೌದೆಯೇ ಅದು, ಸುಡದೆ ಕೊಳವೆಯಲ್ಲಿ ಇಳಿಯುತ್ತಿದೆ.

ಮುಳ್ಳೇರಿಯ

ಅಣ್ಣ, ಒಂದು ಮಾತು. ಬಾಗಿಲು ಮುಚ್ಚಿದರೆ ಬೆಂಕಿ ರಾತ್ರಿ ಪೂರ್ತಿ ಇರುತ್ತದೆ. ತೆರೆದಿಟ್ಟರೆ ಅದೇ ಸೌದೆ ಬೇಗ ಖಾಲಿ. ಹಾಗಾದರೆ ಮುಚ್ಚಿದ್ದೇ ಉಳಿತಾಯ ಅಲ್ವಾ? ನಮ್ಮಲ್ಲಿ ಹಿರಿಯರು ಹಾಗೆಯೇ ಮಾಡುತ್ತಿದ್ದದ್ದು.

ಉಪ್ಪಳ (ಬಾಯ್ಲರ್ ಕೆಲಸದಲ್ಲಿದ್ದವ)

ಬೆಂಕಿ ಎಷ್ಟು ಹೊತ್ತು ಇತ್ತು ಅನ್ನುವುದು ಬೇರೆ, ಅಡಿಕೆಗೆ ಎಷ್ಟು ಬಿಸಿ ಸಿಕ್ಕಿತು ಅನ್ನುವುದು ಬೇರೆ. ಒಂದು ಕಿಲೋ ಪೂರ್ತಿ ಒಣಗಿದ ಸೌದೆಯಲ್ಲಿ ಸುಮಾರು 4,400 ಕಿಲೋ ಕ್ಯಾಲೊರಿ ಶಾಖ ಇದೆ ಅಂತ ಇಟ್ಟುಕೊಳ್ಳಿ. ಗ್ಯಾಸ್ ಎಲ್ಲ ಹೋದ ಮೇಲೆ ಉಳಿಯುವ ಕರಿ 170 ಗ್ರಾಂ ಅಂದುಕೊಳ್ಳಿ. ಕರಿಗೆ ಕಿಲೋಗೆ 7,800 ಕಿಲೋ ಕ್ಯಾಲೊರಿ ಹಿಡಿದರೆ ಆ 170 ಗ್ರಾಮಿನಿಂದ ಸಿಗುವುದು 1,330ರಷ್ಟು. ಉಳಿದ ಮೂರು ಸಾವಿರ ಎಲ್ಲಿದೆ? ಗ್ಯಾಸಿನಲ್ಲಿ. ಅಂದರೆ ಮೂರರಲ್ಲಿ ಎರಡು ಭಾಗ ಶಾಖ ಉರಿಯಿಂದಲೇ ಬರಬೇಕು. ಉರಿಯನ್ನೇ ಆರಿಸಿಬಿಟ್ಟರೆ ಹೆಚ್ಚಿನ ಪಾಲು ಕೊಳವೆಯ ತುದಿಯಿಂದ ಆಕಾಶಕ್ಕೆ.

ಈಗ ಸೀತಾಂಗೋಳಿಯವರ ನೀರಿನ ವಿಷಯ. ಅರ್ಧ ತೂಕ ನೀರೇ ಇರುವ ಹಸಿ ಸೌದೆ ಒಂದು ಕಿಲೋ ತೆಗೆದುಕೊಳ್ಳಿ. 500 ಗ್ರಾಂ ನೀರನ್ನು ಕಾಯಿಸಿ ಆವಿ ಮಾಡಲು ಸುಮಾರು 300 ಕಿಲೋ ಕ್ಯಾಲೊರಿ ಸಾಕು. ಉಳಿದ 500 ಗ್ರಾಂ ಮರದಲ್ಲಿ 2,200 ಇದೆ. ಆವಿಗೆ ಹೋಗುವ ನಷ್ಟ ಏಳರಲ್ಲಿ ಒಂದು ಪಾಲು ಮಾತ್ರ. ಹಾಗಾದರೆ ಹಸಿ ಸೌದೆ ಯಾಕೆ ಅಷ್ಟು ಸತಾಯಿಸುತ್ತದೆ? ಆ ನೀರು ಒಲೆಯನ್ನು ತಂಪು ಮಾಡುತ್ತದೆ. ಈ ಗ್ಯಾಸ್ ತಾನಾಗಿ ಹೊತ್ತಿ ಪೂರ್ತಿ ಸುಡಬೇಕಾದರೆ 600 ಡಿಗ್ರಿ ಹತ್ತಿರದ ಬಿಸಿ ಬೇಕು. ಒಲೆ ಅಷ್ಟಕ್ಕೆ ಏರುವುದೇ ಇಲ್ಲ. ಗ್ಯಾಸ್ ಹಾಗೇ ಹೊರಟುಹೋಗುತ್ತದೆ. ದೊಡ್ಡ ನಷ್ಟ ಅಲ್ಲಿ. ಇದನ್ನು ಎಷ್ಟು ಜನಕ್ಕೆ ಹೇಳಿದರೂ ಕಮ್ಮಿಯೇ ಅಂತ ನನಗೆ ಅನಿಸುತ್ತದೆ.

ಸೀತಾಂಗೋಳಿ

ಈ ಲೆಕ್ಕ ಗೊತ್ತಿರಲಿಲ್ಲ. ಹಸಿ ಸೌದೆ ಅಂದರೆ ನೀರನ್ನು ಕುದಿಸುವುದಕ್ಕೇ ಎಲ್ಲ ಶಾಖ ಖರ್ಚು ಅಂತಲೇ ನಮ್ಮ ಕಡೆ ಹೇಳುವುದು.

ಮಂಜೇಶ್ವರದ ಮಾಷ್ಟ್ರು

ಬಾಯ್ಲರ್‌ನವರೇ, ಬಹಳ ಚೆನ್ನಾಗಿ ಬಿಡಿಸಿ ಹೇಳಿದಿರಿ. ನಾನು ಕನ್ನಡ ಮಾಧ್ಯಮದ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದವ. ಮಕ್ಕಳಿಗೆ ಇದನ್ನು ತೋರಿಸುವ ಎರಡು ದಾರಿ ಇದೆ.

ಒಂದು, ಮೇಣದ ಬತ್ತಿ. ಚೆನ್ನಾಗಿ ಉರಿಯುತ್ತಿರುವ ಬತ್ತಿಯನ್ನು ಊದಿ ಆರಿಸಿ. ಬಿಳಿ ಹೊಗೆಯ ಎಳೆ ಮೇಲೇಳುತ್ತದಲ್ಲ, ಕೂಡಲೇ ಅದಕ್ಕೆ ಕಡ್ಡಿ ಗೀರಿ ಹಿಡಿಯಿರಿ. ಬತ್ತಿಗೆ ತಾಗಿಸಬೇಡಿ. ಉರಿ ಹೊಗೆಯ ದಾರಿ ಹಿಡಿದು ಕೆಳಗೆ ಓಡಿ ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ. ಮೈಕೆಲ್ ಫ್ಯಾರಡೆ 1860ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನ್ನಿನಲ್ಲಿ ಮಕ್ಕಳಿಗೆ ಮೇಣದ ಬತ್ತಿಯ ಬಗ್ಗೆ ಮಾಡಿದ ಉಪನ್ಯಾಸಗಳಲ್ಲಿ ಇದನ್ನೂ ತೋರಿಸಿದ್ದರು.

ಇನ್ನೊಂದು ಡಬ್ಬಿ ಪ್ರಯೋಗ. ಇದು ನನಗೆ ಹೆಚ್ಚು ಇಷ್ಟ. ಮುಚ್ಚಳ ಇರುವ ಸಣ್ಣ ತಗಡಿನ ಡಬ್ಬಿ ತೆಗೆದುಕೊಳ್ಳಿ. ಮುಚ್ಚಳದಲ್ಲಿ ಮೊಳೆಯಿಂದ ಒಂದು ತೂತು ಹೊಡೆಯಿರಿ. ಒಳಗೆ ಗೆರಟೆ ಚೂರು ಅರ್ಧದಷ್ಟು ಹಾಕಿ, ಅಂಗಳದ ಬೆಂಕಿಯಲ್ಲಿ ಇಡಿ. ಮೊದಲು ತೂತಿನಿಂದ ತೆಳು ಬಿಳಿ ಆವಿ ಬರುತ್ತದೆ. ಅದಕ್ಕೆ ಕಡ್ಡಿ ಹಿಡಿದರೆ ಕಡ್ಡಿಯೇ ಆರುತ್ತದೆ, ಅದು ಬರೇ ನೀರು. ಸ್ವಲ್ಪ ಹೊತ್ತಿಗೆ ಹೊಗೆ ದಪ್ಪ ಆಗಿ ಹಳದಿ ಬಣ್ಣಕ್ಕೆ ತಿರುಗುತ್ತದೆ, ಮೂಗಿಗೆ ಹುಳಿ ಹುಳಿ ವಾಸನೆ ಬಡಿಯುತ್ತದೆ. ಈಗ ಕಡ್ಡಿ ಹಿಡಿಯಿರಿ. ತೂತಿನ ಮೇಲೆ ಉರಿ ನೆಟ್ಟಗೆ ನಿಲ್ಲುತ್ತದೆ, ಸುಂಯ್ ಅಂತ ಸದ್ದು ಬೇರೆ. ಒಂದಷ್ಟು ಹೊತ್ತು ಉರಿದು ತಾನಾಗಿ ಕುಗ್ಗಿ ನಿಂತುಹೋಗುತ್ತದೆ. ಡಬ್ಬಿ ಪೂರ್ತಿ ತಣಿದ ಮೇಲೆ ಬಿಚ್ಚಿ. ಗೆರಟೆ ಚೂರುಗಳ ಆಕಾರ ಹಾಗೇ ಇದೆ, ಅಂಚೂ ಮಾಸಿಲ್ಲ, ಆದರೆ ಕಡುಕಪ್ಪು. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ತಟ್ಟಿದರೆ ಟಣ್ ಅನ್ನುತ್ತದೆ.

ಎಚ್ಚರಿಕೆ: ತೂತು ಕಟ್ಟಿಕೊಂಡರೆ ಡಬ್ಬಿ ಸಿಡಿಯುತ್ತದೆ. ಮುಚ್ಚಳ ಬಿಗಿ ಇರಬಾರದು, ಮಕ್ಕಳನ್ನು ದೂರ ನಿಲ್ಲಿಸಬೇಕು, ಗಾಳಿ ಬೀಸುವ ಕಡೆ ಮಾಡಬಾರದು.

ಪ್ರಯೋಗಾಲಯದಲ್ಲಿ ಬಾಷ್ಪಶೀಲ ಅಂಶ ಅಳೆಯುವುದೂ ಬಹುಮಟ್ಟಿಗೆ ಹೀಗೆಯೇ. ಪುಡಿ ಮಾಡಿದ ಕಲ್ಲಿದ್ದಲನ್ನು ಮುಚ್ಚಳ ಇರುವ ಮೂಸೆಯಲ್ಲಿ 900 ಡಿಗ್ರಿಯಲ್ಲಿ 7 ನಿಮಿಷ ಇಡುತ್ತಾರೆ. ಕಡಿಮೆಯಾದ ತೂಕದಿಂದ ತೇವದ ಪಾಲು ಕಳೆದರೆ ಉಳಿದದ್ದೇ ಲೆಕ್ಕ.

ಪೆರ್ಲದ ಅಕ್ಕ

ಮಾಷ್ಟ್ರೇ, ನಮ್ಮ ಬಚ್ಚಲಿನ ಹಂಡೆಯ ಕಥೆಯೂ ಇದೇನಾ? ಸುಮ್ನೆ ಎರಡು ಮಡಲು, ನಾಲ್ಕು ಕೊತ್ತಳಿಗೆ ತುರುಕಿದರೆ ಹಂಡೆಯ ತಳಕ್ಕೆ ಮಸಿ ದಪ್ಪಕ್ಕೆ ಹಿಡಿಯುತ್ತದೆ. ಅಡಿಗೆ ಮನೆಯ ಮಾಡಿನಲ್ಲಿ ಇಲ್ಲಣ ಜೋತಾಡುತ್ತದೆ. ಅತ್ತೆಗೆ ಆ ಹೊಗೆಯಿಂದಲೇ ಕೆಮ್ಮು ಶುರುವಾದದ್ದು ಅಂತ ನನಗೆ ಅನಿಸುತ್ತದೆ. ಸಣ್ಣ ಸಣ್ಣ ತುಂಡು ಮಾಡಿ ಸ್ವಲ್ಪ ಸ್ವಲ್ಪ ಕೊಟ್ಟರೆ ಮಸಿ ಕಡಿಮೆ. ಆದರೆ ಒಲೆ ಬುಡದಲ್ಲೇ ಕೂರಬೇಕು, ಬೇರೆ ಕೆಲಸ ಯಾರು ಮಾಡುವುದು?

ಉಪ್ಪಳ (ಬಾಯ್ಲರ್ ಕೆಲಸದಲ್ಲಿದ್ದವ)

ಅಕ್ಕ, ಅದೇ ಕಥೆ. ಉರಿಯ ಹಳದಿ ಬಣ್ಣ ಬರುವುದೇ ಅದರೊಳಗೆ ಕಾದು ಹೊಳೆಯುವ ಸಣ್ಣ ಸಣ್ಣ ಮಸಿಯ ಕಣಗಳಿಂದ. ಆ ಕಣಗಳು ಉರಿಯ ತುದಿ ತಲುಪುವಷ್ಟರಲ್ಲಿ ಸುಟ್ಟು ಮುಗಿಯಬೇಕು. ನಿಮ್ಮ ಹಂಡೆ ಉರಿಯ ನಡುವಿಗೇ ಕೂತಿದೆ. ನೀರು ತುಂಬಿದ ಹಂಡೆಯ ತಳ ಉರಿಯ ಮಟ್ಟಿಗೆ ತಣ್ಣಗಿನ ಗೋಡೆ. ಮಸಿ ಸುಡುವ ಮೊದಲೇ ಅಲ್ಲಿ ತಣಿದು ಅಂಟಿಕೊಳ್ಳುತ್ತದೆ. ಹಂಡೆಯನ್ನು ಸ್ವಲ್ಪ ಎತ್ತರಿಸಿ, ಒಲೆಯ ಒಳಗೋಡೆಗೆ ಇಟ್ಟಿಗೆ ಕಟ್ಟಿಸಿ. ಇಟ್ಟಿಗೆ ಕಾದರೆ ಗ್ಯಾಸ್ ಹೊತ್ತಲು ಬೇಕಾದ ಬಿಸಿ ನಿಲ್ಲುತ್ತದೆ. ಕೆಳಗೆ ಕಬ್ಬಿಣದ ಸರಳಿನ ಜಾಲಿ ಹಾಕಿಸಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1980ರ ದಶಕದ ಮೊದಲಲ್ಲಿ ಅಸ್ತ್ರ ಒಲೆ ಮಾಡಿದರಲ್ಲ, ಅದರಲ್ಲೂ ಮುಖ್ಯವಾಗಿ ಇದ್ದದ್ದು ಇದೇ: ಸುತ್ತ ಮುಚ್ಚಿದ ಒಲೆ, ಕೆಳಗೆ ಜಾಲಿ, ಹೊಗೆ ಹೊರಗೆ ಹೋಗಲು ಕೊಳವೆ, ಸಣ್ಣ ತುಂಡು ಸೌದೆ. ಕೂತೇ ಇರಬೇಕಾದ ಕಷ್ಟ ಪೂರ್ತಿ ಹೋಗುವುದಿಲ್ಲ, ಅದು ನಿಜ. ಆದರೆ ತುರುಕಿದ ಒಲೆಗಿಂತ ಬೇಗ ನೀರು ಕಾಯುತ್ತದೆ.

ಬಂದಡ್ಕ ರಬ್ಬರ್

ನಾನು ತದ್ವಿರುದ್ಧ ಹೇಳಬೇಕಾಗಿದೆ. ರಬ್ಬರ್ ಶೀಟಿಗೆ ನಮಗೆ ಹೊಗೆಯೇ ಬೇಕು. ಹೊಗೆ ಮನೆಯಲ್ಲಿ 40ರಿಂದ 60 ಡಿಗ್ರಿ ಇಟ್ಟು ಕೆಲವು ದಿನ ಶೀಟ್ ನೇತುಹಾಕುತ್ತೇವೆ. ಹೊಗೆಯಲ್ಲಿರುವ ಫೀನಾಲ್ ಜಾತಿಯ ವಸ್ತುಗಳು ಶೀಟಿಗೆ ಹಿಡಿದು ಬೂಸು ಬಾರದಂತೆ ಕಾಯುತ್ತವೆ. ಜಾಸ್ತಿ ಉರಿ ಬಂದರೆ ಶೀಟ್ ಗುಳ್ಳೆ ಏಳುತ್ತದೆ, ಬೆಂಕಿಯೂ ಹಿಡಿಯಬಹುದು. ಅದಕ್ಕೆ ಬೇಕೆಂದೇ ಗಾಳಿ ಕಡಿಮೆ ಮಾಡಿ ಹೊಗೆಯಾಡಿಸುವುದು. ಹಾಗಾಗಿ ಹೊಗೆ ಅಂದರೆ ನಷ್ಟ ಅಂತ ಒಂದೇ ಮಾತಲ್ಲಿ ಹೇಳಲು ಬರುವುದಿಲ್ಲ.

ಉಪ್ಪಳ (ಬಾಯ್ಲರ್ ಕೆಲಸದಲ್ಲಿದ್ದವ)

ಒಪ್ಪಿದೆ. ನಿಮಗೆ ಗ್ಯಾಸಿನ ಶಾಖ ಬೇಡ, ಗ್ಯಾಸೇ ಬೇಕು. ಅಡಿಕೆ, ಕೊಬ್ಬರಿಯವರಿಗೆ ಶಾಖ ಬೇಕು, ಗ್ಯಾಸ್ ಬೇಡ. ನಿಮ್ಮ ಹೊಗೆ ಮನೆಯ ನಿಯಮವನ್ನು ಅಡಿಕೆ ಗೂಡಿಗೆ ತಂದರೆ ಬದಿಯಡ್ಕದಲ್ಲಿ ಆದದ್ದೇ ಆಗುತ್ತದೆ.

ಕುಂಬಳೆ ತೆಂಗು

ಕೊಬ್ಬರಿ ಅಂದದ್ದಕ್ಕೆ ಸೇರಿಸುತ್ತೇನೆ. ನೇರ ಹೊಗೆಯಲ್ಲಿ ಒಣಗಿಸಿದ ಕೊಬ್ಬರಿ ಬಣ್ಣ ಕೆಡುತ್ತದೆ, ಎಣ್ಣೆಯಲ್ಲೂ ಹೊಗೆ ವಾಸನೆ. ಅಂಥ ಹೊಗೆಯಲ್ಲಿ ಬೆಂಜೋಪೈರೀನ್ ಅನ್ನುವ ಕೆಟ್ಟ ವಸ್ತುವೂ ಇರುತ್ತದೆ. ಕಾಸರಗೋಡಿನ ಸಿಪಿಸಿಆರ್‌ಐಯವರು (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಸಣ್ಣ ಕೃಷಿಕರಿಗೆ ಅಂತ ರೂಪಿಸಿದ ಕೊಬ್ಬರಿ ಡ್ರೈಯರಿಗೆ ಗೆರಟೆಯೇ ಉರುವಲು. ಡ್ರೈಯರ್ ಕಟ್ಟಿಸುವ ಮೊದಲು ಅಲ್ಲಿಗೊಮ್ಮೆ ಹೋಗಿ ಬನ್ನಿ ಅಂತ ನಾನು ಎಲ್ಲರಿಗೂ ಹೇಳುವುದು. ನಮ್ಮ ಮನೆ ಬಾಗಿಲಲ್ಲೇ ಇರುವ ಸಂಸ್ಥೆ.

ಮುಳ್ಳೇರಿಯ

ಮಾಷ್ಟ್ರೇ, ಯುದ್ಧದ ಕಾಲದಲ್ಲಿ ಬಸ್ಸು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿತ್ತು ಅಂತ ಅಜ್ಜ ಹೇಳುತ್ತಿದ್ದರು. ಸೌದೆಯಲ್ಲೇ ಅಷ್ಟು ಗ್ಯಾಸ್ ಇರುವಾಗ ಇದ್ದಿಲೇ ಯಾಕೆ ಹಾಕಿದ್ದು?

ಮಂಜೇಶ್ವರದ ಮಾಷ್ಟ್ರು

ಒಳ್ಳೆಯ ಪ್ರಶ್ನೆ. ಸೌದೆಯ ಗ್ಯಾಸಿನಲ್ಲಿ ಟಾರ್ ಇರುತ್ತದೆ. ಅದು ಎಂಜಿನ್ನಿನ ವಾಲ್ವಿಗೆ, ಪಿಸ್ಟನ್ನಿಗೆ ಅಂಟಿ ಎಂಜಿನ್ ಕಟ್ಟಿಹೋಗುತ್ತದೆ. ಇದ್ದಿಲಿನಲ್ಲಿ ಬಾಷ್ಪಶೀಲ ಅಂಶ ಮೊದಲೇ ಹೋಗಿರುವುದರಿಂದ ಟಾರ್ ಕಾಟ ಕಡಿಮೆ. ಬಸ್ಸಿನಲ್ಲಿ ಮಾಡುತ್ತಿದ್ದದ್ದು ಕೆಂಡದ ಮೇಲೆ ಕಡಿಮೆ ಗಾಳಿ ಹಾಯಿಸಿ ಕಾರ್ಬನ್ ಮೊನಾಕ್ಸೈಡ್ ಮಾಡಿ, ಅದನ್ನು ಎಂಜಿನ್ನಿಗೆ ಕೊಡುವುದು. ಯುರೋಪಿನಲ್ಲಿ ಸೌದೆಯಿಂದಲೇ ಗಾಡಿ ಓಡಿಸಿದ್ದೂ ಇದೆ. ಆದರೆ ಅದಕ್ಕೆ ಟಾರನ್ನು ಒಡೆಯುವ ಬೇರೆ ರೀತಿಯ ಒಲೆ ಬೇಕಿತ್ತು.

ಬದಿಯಡ್ಕದ ತೋಟದವ

ಎಲ್ಲರಿಗೂ ಉಪಕಾರ. ನೀವು ಹೇಳಿದ ಹಾಗೆ ಸ್ವಲ್ಪ ಬದಲಾವಣೆ ಮಾಡಿದ್ದೇವೆ. ಒಲೆಯ ಬಾಗಿಲಿನ ಮೇಲ್ಭಾಗದಲ್ಲಿ, ಸೌದೆಗಿಂತ ಎತ್ತರಕ್ಕೆ, ಗಾಳಿ ಹೋಗಲು ತೂತು ಮಾಡಿಸಿದೆ. ಒಳಗೆ ಇಟ್ಟಿಗೆ ಕಟ್ಟಿಸಿದೆ. ಸೌದೆ ಕಡಿಮೆ ಹಾಕಿ ಉರಿ ಇಟ್ಟುಕೊಂಡರೆ ಕೊಳವೆಯ ತುದಿಯಲ್ಲಿ ಹೊಗೆಯೇ ಕಾಣುವುದಿಲ್ಲ, ಬಿಸಿಗಾಳಿ ನಡುಗುವುದು ಮಾತ್ರ ಕಾಣುತ್ತದೆ. ಗೂಡು ಬೇಗ ಕಾಯುತ್ತದೆ. ಮೇಲಿನ ತೂತು ಮುಚ್ಚಿದರೆ ಕೂಡಲೇ ಹೊಗೆ, ತೆರೆದರೆ ಉರಿ. ಕಣ್ಣೆದುರೇ ಗೊತ್ತಾಗುತ್ತದೆ.

ಉಳಿದದ್ದು ರಾತ್ರಿಯ ಪ್ರಶ್ನೆ. ನಡುರಾತ್ರಿ ಎದ್ದು ಸೌದೆ ಹಾಕುವುದು ಕಷ್ಟ. ಎಂತ ಮಾಡುವುದು?

ಉಪ್ಪಳ (ಬಾಯ್ಲರ್ ಕೆಲಸದಲ್ಲಿದ್ದವ)

ಸಂತೋಷ ಆಯಿತು. ಕೆಳಗಿನ ಗಾಳಿ ಕೆಂಡಕ್ಕೆ, ಮೇಲಿನ ಗಾಳಿ ಗ್ಯಾಸಿಗೆ. ಬಾಯ್ಲರಿನಲ್ಲೂ ಇದೇ ಪಾಠ. ಮೇಲಿನ ತೂತು ಅತಿಯಾಗಿ ದೊಡ್ಡದು ಮಾಡಬೇಡಿ, ತಣ್ಣಗಿನ ಗಾಳಿ ನುಗ್ಗಿ ಉರಿಯನ್ನೇ ತಣಿಸುತ್ತದೆ.

ರಾತ್ರಿಗೆ ಹೀಗೆ ಮಾಡಿ. ಮಲಗುವುದಕ್ಕೆ ಎರಡು ಗಂಟೆ ಮೊದಲು ದಪ್ಪ ಕೊಳ್ಳಿಗಳನ್ನು ಕೊಡಿ. ಸಣ್ಣ ಚೂರು ಬೇಡ, ಅದರ ಗ್ಯಾಸ್ ಒಮ್ಮೆಲೇ ಬಂದುಬಿಡುತ್ತದೆ. ಗಾಳಿ ಪೂರ್ತಿ ತೆರೆದು ಚೆನ್ನಾಗಿ ಉರಿಯಲು ಬಿಡಿ. ಹಳದಿ ಉರಿ ಕುಗ್ಗಿ, ಕೆಂಪು ಕೆಂಡದ ಮೇಲೆ ಅಲ್ಲಲ್ಲಿ ಸಣ್ಣ ನೀಲಿ ಉರಿ ಮಾತ್ರ ಉಳಿದಾಗ ಬಾಷ್ಪಶೀಲ ಅಂಶ ಹೆಚ್ಚುಕಡಿಮೆ ಮುಗಿದಿದೆ ಅಂತ ಅರ್ಥ. ಗಾಳಿ ಕಡಿಮೆ ಮಾಡುವುದು ಆಗ. ಕೆಂಡಕ್ಕೆ ಟಾರ್ ಇಲ್ಲ, ಕೊಳವೆ ಕಟ್ಟುವುದಿಲ್ಲ, ನಿಧಾನಕ್ಕೆ ಬಹಳ ಹೊತ್ತು ಬಿಸಿ ಕೊಡುತ್ತದೆ.

ಎರಡು ಮಾತು ಗಮನ ಇಟ್ಟು ಕೇಳಿ. ಒಂದು, ಈಗ ಕೊಳವೆಯಲ್ಲಿ ಕೂತಿರುವ ಟಾರನ್ನು ಬಿಚ್ಚಿ ಕೆರೆದು ತೆಗೆಯಿರಿ. ಇನ್ನು ಉರಿ ಜೋರಾಗುವುದರಿಂದ ಅದು ಒಳಗೇ ಹೊತ್ತಿಕೊಳ್ಳಬಹುದು. ಗೂಡಿನ ಮಾಡು ಸೋಗೆಯದ್ದಾದರೆ ಕೇಳುವುದೇ ಬೇಡ. ಎರಡು, ಆ ನೀಲಿ ಉರಿ ಕಾರ್ಬನ್ ಮೊನಾಕ್ಸೈಡಿನದ್ದು. ಗಾಳಿ ಕಡಿಮೆಯಾದರೆ ಅದು ಸುಡದೆ ಹೊರಗೆ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಅಡಿಕೆ ಕಾಯಲು ಅಂತ ಡ್ರೈಯರ್ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡಿ. ಕೆಂಡ ಪೂರ್ತಿ ಬೂದಿ ಆಗುವವರೆಗೆ ಹೊಗೆ ಕೊಳವೆಯನ್ನು ಮುಚ್ಚಲೂ ಬೇಡಿ.

ಪೆರ್ಲದ ಅಕ್ಕ

ಚಳಿಗೆ ಅಂತ ಬಾಣಂತಿ ಕೋಣೆಯಲ್ಲಿ ಕೆಂಡ ಇಡುತ್ತಾರಲ್ಲ, ಅದಕ್ಕೂ ಇದೇ ಮಾತಾ?

ಉಪ್ಪಳ (ಬಾಯ್ಲರ್ ಕೆಲಸದಲ್ಲಿದ್ದವ)

ಖಂಡಿತ ಅಕ್ಕ. ಹೊಗೆ ಇಲ್ಲ ಅಂತ ನಂಬಿ ಬಾಗಿಲು ಕಿಟಕಿ ಮುಚ್ಚುವುದೇ ಅಪಾಯ. ಬಾಣಂತಿ, ಮಗು ಇರುವ ಕೋಣೆಯಲ್ಲಿ ಕೆಂಡ ಇಡಲೇಬೇಡಿ.

ಬೋವಿಕ್ಕಾನ

ನನ್ನದೊಂದು ಪ್ರಶ್ನೆ. ಗೇರುಬೀಜದ ಸಿಪ್ಪೆ ಕಡಿಮೆ ಕ್ರಯಕ್ಕೆ ಸಿಗುತ್ತದೆ. ಬೆಂಕಿ ಭಾರೀ ಜೋರು. ಅಡಿಕೆ ಡ್ರೈಯರಿಗೆ ಹಾಕಬಹುದಾ?

ಉಪ್ಪಳ (ಬಾಯ್ಲರ್ ಕೆಲಸದಲ್ಲಿದ್ದವ)

ಎಣ್ಣೆ ತೆಗೆಯದ ಸಿಪ್ಪೆ ಆದರೆ ಮನೆಯ ಒಲೆಗೆ, ಸಣ್ಣ ಡ್ರೈಯರಿಗೆ ಬೇಡ. ಅದರ ತೂಕದಲ್ಲಿ ಕಾಲು ಪಾಲಿನಷ್ಟು ಎಣ್ಣೆಯೇ ಇರುತ್ತದೆ, ಕೈಗೆ ತಾಗಿದರೆ ಚರ್ಮ ಸುಲಿಯುವ ಅದೇ ಎಣ್ಣೆ. ಬಿಸಿ ತಾಗಿದ ಕೂಡಲೇ ಆವಿ ಒಮ್ಮೆಗೇ ನುಗ್ಗುತ್ತದೆ. ಅಷ್ಟು ಆವಿಗೆ ಬೇಕಾದ ಗಾಳಿ ಸಣ್ಣ ಒಲೆಯಲ್ಲಿ ಸಿಗುವುದಿಲ್ಲ. ಸುಡದೆ ಉಳಿದ ಹೊಗೆ ಕಣ್ಣು, ಗಂಟಲು ಎರಡನ್ನೂ ಉರಿಸುತ್ತದೆ, ಕೊಳವೆಗೆ ದಪ್ಪಕ್ಕೆ ಅಂಟುತ್ತದೆ. ಕಾರ್ಖಾನೆಗಳಲ್ಲಿ ಫ್ಯಾನ್ ಇಟ್ಟು, ದೊಡ್ಡ ಕಾದ ಒಲೆಯಲ್ಲಿ ಸುಡುತ್ತಾರೆ, ಅದು ಬೇರೆ. ಎಣ್ಣೆ ತೆಗೆದ ಸಿಪ್ಪೆ ಸಿಕ್ಕಿದರೆ ಉರಿಯುತ್ತಿರುವ ಸೌದೆಯ ಮೇಲೆ ಒಂದೊಂದು ಮುಷ್ಟಿ ಹಾಕಿ ನೋಡಬಹುದು. ಕೊಳವೆ ತುದಿಯಲ್ಲಿ ಕಪ್ಪು ಹೊಗೆ ಕಂಡರೆ ಅಲ್ಲಿಗೆ ನಿಲ್ಲಿಸಿ.

ಅಡಿಕೆ ಸಿಪ್ಪೆಗೂ ಹೆಚ್ಚುಕಡಿಮೆ ಇದೇ ಕ್ರಮ. ನಾರು ಸಡಿಲ, ಬೇಗ ಹೊತ್ತುತ್ತದೆ, ಬೇಗ ಮುಗಿಯುತ್ತದೆ. ಒಣಗಿದ್ದು ಇದ್ದರೆ ಬೆಂಕಿ ಹಚ್ಚಲು ಬಳಸಿ. ಹಸಿಯದ್ದನ್ನು ತೋಟಕ್ಕೇ ಹಾಕಿ, ಮರದ ಬುಡಕ್ಕೆ ಅದರ ಉಪಯೋಗ ಜಾಸ್ತಿ.